ಬೇಡ ಅಂತ ಪತ್ರ ಬರೆದ ಟವರಲ್ಲೇ ಎರಡು ವರ್ಷ ಬಾಡಿಗೆಗೆ: ದಹಾಣುಕರವಾಡಿ ಮೆಟ್ರೋ ಪಕ್ಕದ ಮನೆ ಹೇಗುಂಟು

ಮೊದ್ಲೇ ಹೇಳಿಬಿಡ್ತೇನೆ, ಬಿಲ್ಡಿಂಗ್ ಹೆಸರು ಬರೆಯಲ್ಲ, ಬಿಲ್ಡರ್ ಹೆಸರೂ ಇಲ್ಲ, ಕೇಳ್ಬೇಡಿ. ಮುಂಬೈಯ ಕಾಂದಿವಲಿ ವೆಸ್ಟ್, ದಹಾಣುಕರವಾಡಿ ಮೆಟ್ರೋ ಸ್ಟೇಷನ್ನಿಂದ ನನ್ನ ಕಾಲಲ್ಲಿ ಆರು ನಿಮಿಷ, ಹೆಂಡತಿ ಜೊತೆ ಹೋದ್ರೆ ಹತ್ತು ಯಾಕಂದ್ರೆ ಅವಳು ದಾರಿಯಲ್ಲಿ ಸೊಪ್ಪಿನವಳ ಹತ್ರ ನಿಲ್ಲದೆ ಮನೆಗೆ ಬಂದವಳೇ ಅಲ್ಲ. 22 ಫ್ಲೋರಿನ ಟವರ್, ನಮ್ದು 8ನೇದ್ರಲ್ಲಿ 1 ಬಿಎಚ್‌ಕೆ, ಕಾರ್ಪೆಟ್ 410 ಸ್ಕ್ವೇರ್ ಫೀಟ್, ಬಾಡಿಗೆ ಈಗ ₹34,000, ಡಿಪಾಸಿಟ್ ಒಂದು ಲಕ್ಷ. 2024ರ ಜನವರಿಯಿಂದ ಇದ್ದೇವೆ. ಊರ ಕಡೆಯವ್ರು, ಆಫೀಸಿನವ್ರು ಸುಮಾರು ಜನ "ಅಲ್ಲಿ ಹೇಗೆ, ನಾವೂ ನೋಡ್ಬೋದಾ" ಅಂತ ಕೇಳ್ತಾ ಇದ್ದಾರೆ, ಒಬ್ಬೊಬ್ರಿಗೂ ಫೋನಲ್ಲಿ ಹೇಳಿ ಸಾಕಾಯ್ತು, ಒಮ್ಮೆ ಬರೆದು ಬಿಡುವ ಅಂತ ಕೂತೆ.

ಒಂದು ವಿಷಯ ಮುಚ್ಚಿಟ್ಟು ರಿವ್ಯೂ ಬರೆದ್ರೆ ಸರಿ ಆಗ್ಲಿಕ್ಕಿಲ್ಲ. ಈ ಟವರ್ ಬರ್ಲೇಬಾರದು ಅಂತ 2019ರಲ್ಲಿ ಪಕ್ಕದ ಸೊಸೈಟಿಯವ್ರು ಕಾರ್ಪೊರೇಷನ್ನಿಗೆ ಕಳಿಸಿದ್ರಲ್ಲ ಪತ್ರ, ಅದನ್ನ ಕೂತು ಟೈಪ್ ಮಾಡಿದ್ದು ನಾನು. ಪಕ್ಕದ ಸೊಸೈಟಿ ಅಂದ್ರೆ ನಮ್ಮ ದೊಡ್ಡಮ್ಮ ದೊಡ್ಡಪ್ಪನ ಮನೆ. ದೊಡ್ಡಪ್ಪ ಕೋಟದಿಂದ ಹದಿನಾರು ವರ್ಷಕ್ಕೆ ಬಂದು ಫೋರ್ಟ್ ಏರಿಯಾದ ಹೋಟೆಲಲ್ಲಿ ಗ್ಲಾಸ್ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕ್ ಸೇರಿ, 1984ರಲ್ಲಿ ಇಲ್ಲಿ ನಾಲ್ಕು ಮಾಳಿಗೆ ಬಿಲ್ಡಿಂಗಲ್ಲಿ ಎರಡನೇ ಮಾಳಿಗೆ ಮನೆ ತಗೊಂಡವ್ರು, ಲಿಫ್ಟ್ ಇಲ್ಲ. ರಿಟೈರ್ ಆದ್ಮೇಲೆ ಸೊಸೈಟಿ ಸೆಕ್ರೆಟರಿ, ಅಂದ್ರೆ ಗೊತ್ತಲ್ಲ, ಪೂರ್ತಿ ದಿನದ ಕೆಲಸ. ನಾನು ಆಗ ಮೀರಾ ರೋಡಲ್ಲಿ ಇದ್ದೆ, ಆದಿತ್ಯವಾರ ಬಂಗುಡೆ ಪುಳಿಮುಂಚಿ ಊಟಕ್ಕೆ ಅಂತ ಇಲ್ಲಿಗೆ ಬಂದ್ರೆ ಊಟ ಆದ್ಕೂಡ್ಲೆ ಲ್ಯಾಪ್‌ಟಾಪ್ ಮುಂದೆ ಕೂರಿಸ್ತಿದ್ರು. ಅವ್ರು ಕನ್ನಡದಲ್ಲಿ ಹೇಳ್ತಾ ಹೋಗ್ಬೇಕು, ನಾನು ಇಂಗ್ಲಿಷಲ್ಲಿ ಹೊಡೀಬೇಕು. ಆರ್ ಸೌತ್ ವಾರ್ಡ್ ಆಫೀಸಿಗೊಂದು, ಬಿಲ್ಡಿಂಗ್ ಪ್ರಪೋಸಲ್ ಡಿಪಾರ್ಟ್‌ಮೆಂಟಿಗೊಂದು, ನಗರಸೇವಕರಿಗೊಂದು ಕಾಪಿ. ಏಳು ಪಾಯಿಂಟ್ ಇತ್ತು. ಬಿಸಿಲು, ನೀರು, ಟ್ರಾಫಿಕ್, ಪಾರ್ಕಿಂಗ್, ಹೊರಗಿನ ಜನ, ಎರಡು ಹಳೇ ಬಾದಾಮಿ ಮರ, ಕೊನೆಯದು ಗಲ್ಲಿಯ ಗಟಾರ. ಆ ನಾಲ್ಕನೇ ಪಾಯಿಂಟ್ ನೆನಪಿಟ್ಕೊಳ್ಳಿ.

ಸರಿ, ಒಳ್ಳೇದು ಮೊದ್ಲು. ಮೆಟ್ರೋ. ಇದಕ್ಕೆ ನನ್ನ ಹತ್ರ ಏನೂ ದೂರಿಲ್ಲ. 2ಎ ಲೈನ್ 2022ರ ಏಪ್ರಿಲ್ 2ಕ್ಕೆ, ಗುಡಿ ಪಾಡ್ವದ ದಿನ ಶುರುವಾದಾಗ ದಹಿಸರ್ ಕಡೆಯಿಂದ ಬಂದು ಇಲ್ಲಿಗೇ ನಿಲ್ತಿತ್ತು, ಅಂಧೇರಿ ವೆಸ್ಟ್ ತನಕ ಓಡಿದ್ದು 2023ರ ಜನವರಿಯಲ್ಲಿ. ಈಗ ನಾನು ಇಲ್ಲಿ ಹತ್ತಿ ಅಂಧೇರಿ ವೆಸ್ಟಲ್ಲಿ ಇಳಿದು, ಮೇಲಿನ ಮೇಲೆಯೇ ನಡೆದು ಡಿ ಎನ್ ನಗರದಲ್ಲಿ ಲೈನ್ 1 ಹಿಡಿದು, ಮರೋಳ್ ನಾಕಾದಲ್ಲಿ ಕೆಳಗಿಳಿದು ಅಂಡರ್‌ಗ್ರೌಂಡ್ ಲೈನ್ 3ರಲ್ಲಿ ಬಿಕೆಸಿಗೆ, ಅಂದ್ರೆ ನನ್ನ ಆಫೀಸಿರುವ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ. ಮೂರು ಗಾಡಿ, ಎರಡು ಬದಲಿ, ಕೇಳ್ಲಿಕ್ಕೆ ತಲೆನೋವು, ಆದ್ರೆ ಮಳೆಗಾಲದಲ್ಲಿ ಚಪ್ಪಲಿ ಒದ್ದೆಯಾಗದೆ ಆಫೀಸ್ ಮುಟ್ಟೋದು ಅಂದ್ರೆ ಏನಂತ ಮೀರಾ ರೋಡಿನಿಂದ 8.12ರ ಚರ್ಚ್‌ಗೇಟ್ ಫಾಸ್ಟಲ್ಲಿ ಒಂದು ಕಾಲಲ್ಲಿ ನೇತಾಡಿದವ್ನನ್ನ ಕೇಳಿ. ಲೈನ್ 3 ಬರುವ ಮೊದ್ಲು, ಅಂದ್ರೆ 2024ರ ಅಕ್ಟೋಬರ್ ತನಕ, ಬಾಂದ್ರಾದಲ್ಲಿ ಶೇರ್ ಆಟೋಗೆ ಕ್ಯೂ ನಿಂತು ಬೆವರಿದ್ದೂ ಉಂಟು, ಅದೆಲ್ಲ ಹೋಯ್ತು.

ಮನೆ ಒಳಗೂ ಪರ್ವಾಗಿಲ್ಲ. ಹಾಲ್‌ನ ಕಿಟಕಿ ದೊಡ್ಡದು, ಗಾಳಿ ಚೆನ್ನಾಗಿ ಬರ್ತದೆ, ಅಡುಗೆಮನೆ ಒಬ್ಬರಿಗೆ ಸಾಕು ಇಬ್ರು ನಿಂತ್ರೆ ಜಗಳ, ಬಟ್ಟೆ ಒಣಗಿಸ್ಲಿಕ್ಕೆ ಜಾಗ ಅಂತ ಇಟ್ಟದ್ದು ಎಸಿ ಔಟ್‌ಡೋರ್ ಇಟ್ಟ ಮೇಲೆ ಎರಡು ಟವೆಲಿನಷ್ಟು. ಲಿಫ್ಟ್ ಮೂರು, ಒಂದು ಯಾವಾಗ್ಲೂ ಯಾರದೋ ಇಂಟೀರಿಯರ್ ಪ್ಲೈವುಡ್ ಹೊತ್ಕೊಂಡು ಹೋಗ್ತಾ ಇರ್ತದೆ, ಎರಡು ವರ್ಷ ಆದ್ರೂ ಡ್ರಿಲ್ ಸದ್ದು ನಿಂತಿಲ್ಲ. ಓನರ್ ಒಳ್ಳೆಯವ್ರು, ಹಳೇ ಬಿಲ್ಡಿಂಗಿನ ಮೆಂಬರ್, ಅದನ್ನ ಒಡೆದು ಟವರ್ ಕಟ್ಟಿದ ರೀಡೆವಲಪ್‌ಮೆಂಟಲ್ಲಿ ಈ ಮನೆ ಸಿಕ್ತು, ಅವ್ರು ಮಗನ ಜೊತೆ ವಿರಾರಲ್ಲಿ. ನಾಲ್ಕು ವರ್ಷ ಟ್ರಾನ್ಸಿಟ್ ಬಾಡಿಗೆ ತಗೊಂಡವ್ರು ಅವ್ರು. ಮುಂಬೈಲಿ ಟ್ರಾನ್ಸಿಟ್ ಅಂದ್ರೆ ಮೆಟ್ರೋ ಅಂತ ಯಾರೂ ತಿಳ್ಕೊಳ್ಳಲ್ಲ, ಮನೆ ಒಡೆದ ಮೇಲೆ ಬಿಲ್ಡರ್ ಕೊಡುವ ಬಾಡಿಗೆ ಅಥವಾ ಟ್ರಾನ್ಸಿಟ್ ಕ್ಯಾಂಪ್, ಅದೇ ನೆನಪಾಗೋದು.

ಈಗ ಬರುವ, ಆ ನಾಲ್ಕನೇ ಪಾಯಿಂಟಿಗೆ.

ದೊಡ್ಡಪ್ಪ ಹೇಳಿದ್ದು ಇಷ್ಟೇ, "ಬರಿ, ಇವ್ರ ಕಾರೆಲ್ಲ ನಮ್ಮ ಗಲ್ಲಿಯಲ್ಲಿ ನಿಲ್ತದೆ, ಪಾರ್ಕಿಂಗ್ ಸಾಲ್ದು." ನಾನು ಹುಷಾರಿ ತೋರಿಸ್ಲಿಕ್ಕೆ ಅದನ್ನ ಉದ್ದ ಮಾಡಿ, ಮನೆಗೊಂದಾದ್ರೂ ಕಾರು ಜಾಗ ಇರ್ಲೇಬೇಕು, ಬಂದವ್ರಿಗೆ ಬೇರೆ ಇರ್ಬೇಕು ಅಂತ ಸೇರಿಸಿ ಬೋಲ್ಡ್ ಮಾಡಿಟ್ಟೆ. ಎಂಟ್ಹತ್ತು ತಿಂಗಳಾದ್ಮೇಲೆ ಬಿಲ್ಡರ್ ಕಡೆಯವ್ರು ಇಬ್ರು ದೊಡ್ಡಪ್ಪನ ಸೊಸೈಟಿಗೆ ಬಂದ್ರು, ಇಸ್ತ್ರಿ ಅಂಗಿ, ಕೈಯಲ್ಲಿ ದೊಡ್ಡ ಡ್ರಾಯಿಂಗ್ ಸುರುಳಿ, ಪೇಪರ್ ಪ್ಲೇಟಲ್ಲಿ ಢೋಕ್ಲಾ ಅವ್ರದ್ದೇ ಖರ್ಚು. ಬಿಸಿಲಿಗೆ ಉತ್ತರ ಇಲ್ಲ, ನೀರಿಗೆ "ಕಾರ್ಪೊರೇಷನ್ ಎನ್‌ಒಸಿ ಉಂಟು", ಬಾದಾಮಿ ಮರಕ್ಕೆ "ನೋಟೀಸ್ ಅಂಟಿಸಿದ್ದೇವಲ್ಲ, ಆಗ ಹೇಳ್ಬೇಕಿತ್ತು". ಪಾರ್ಕಿಂಗ್ ಬಂತು ನೋಡಿ, ಇಬ್ರ ಮುಖವೂ ಅರಳಿತು. "ನಿಮ್ಮ ಮಾತಿಗೆ ಬೆಲೆ ಕೊಟ್ಟಿದ್ದೇವೆ ಕಾಕಾ, ಪೋಡಿಯಂ ಮೂರು ಲೆವೆಲ್ ಇದ್ದದ್ದನ್ನ ಐದು ಮಾಡಿದ್ದೇವೆ." ಪೋಡಿಯಂ ಅಂದ್ರೆ ಟವರಿನ ಬುಡದಲ್ಲಿ ಕಾರು ನಿಲ್ಲಿಸುವ ಮಾಳಿಗೆಗಳು. ನಾವು ಚಪ್ಪಾಳೆ ತಟ್ಟಿದೆವು. ನಿಜವಾಗ್ಲೂ ತಟ್ಟಿದೆವು, ನಾನು ಎರಡನೇ ಸಾಲಲ್ಲಿ ಕೂತಿದ್ದೆ, ಢೋಕ್ಲಾ ಕೆಳಗಿಟ್ಟು ತಟ್ಟಿದೆ.

ಅವ್ರಿಗೆ ಯಾಕೆ ಅಷ್ಟು ಖುಷಿ ಅಂತ ಇಲ್ಲಿ ಬಂದು ಇದ್ದ ಮೇಲೆ ತಿಳೀತು. ಮುಂಬೈ ರೂಲಲ್ಲಿ ಬೇಕಾದ ಪಾರ್ಕಿಂಗ್ ಎಫ್‌ಎಸ್‌ಐ ಅಂದ್ರೆ ಪ್ಲಾಟಲ್ಲಿ ಎಷ್ಟು ಕಟ್ಬೋದು ಅನ್ನುವ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಆ ಕಾರಿನ ಮಾಳಿಗೆಯಿಂದ ಮಾರುವ ಮನೆ ಒಂದು ಅಡಿ ಕಮ್ಮಿ ಆಗಲ್ಲ. ಮೇಲಿಂದ ಇಲ್ಲಿ ಫ್ಲೋರ್ ರೈಸ್ ಅಂತ ಒಂದುಂಟು, ಒಂದೊಂದು ಮಾಳಿಗೆ ಮೇಲೆ ಹೋದ ಹಾಗೆ ಸ್ಕ್ವೇರ್ ಫೀಟಿಗೆ ಇಷ್ಟಿಷ್ಟು ಜಾಸ್ತಿ. ಮನೆ ಶುರುವಾಗೋದೇ 6ನೇ ಫ್ಲೋರಿನಿಂದ ಅಂದ್ಮೇಲೆ ಎಲ್ಲ ಮನೆಯೂ "ಎತ್ತರದ್ದು". ನಮ್ಮ 8ನೇ ಫ್ಲೋರ್ ಅಂದ್ರೆ ಮನುಷ್ಯರದ್ದು ಮೂರನೇದು, ಕೆಳಗಿನ ಐದು ಕಾರಿನವು. ಅದೂ ಹೋಗ್ಲಿ, 2034ರ ತನಕದ ಡೆವಲಪ್‌ಮೆಂಟ್ ರೂಲ್ ಏನುಂಟಲ್ಲ ಡಿಸಿಪಿಆರ್ ಅಂತ, ಅದ್ರ ಪ್ರಕಾರ ನಮ್ಮಂಥ 45 ಚದರ ಮೀಟರ್ ಒಳಗಿನ ಸಣ್ಣ ಮನೆಗೆ ನಾಲ್ಕು ಮನೆಗೊಂದು ಪಾರ್ಕಿಂಗ್ ಇದ್ರೆ ಸಾಕು. ಮನೆಗೊಂದು ಬೇಕು ಅಂತ ಬೋಲ್ಡಲ್ಲಿ ಕೇಳಿದವ್ರು ನಾವು.

ಹೋದ ಡಿಸೆಂಬರಲ್ಲಿ ಒಂದು ಆದಿತ್ಯವಾರ ರಾತ್ರಿ ಹನ್ನೊಂದೂವರೆಗೆ, ಎಲ್ಲ ಕಾರು ಮನೆಗೆ ಬಂದಿರುವ ಹೊತ್ತಲ್ಲಿ, ನಾನೇ ಚಪ್ಪಲಿ ಹಾಕ್ಕೊಂಡು ಎಣಿಸ್ಲಿಕ್ಕೆ ಹೋದೆ. 102 ಮನೆ, 128 ಜಾಗ. ಪಿ1, ಅಂದ್ರೆ ಪಾರ್ಕಿಂಗಿನ ಮೊದ್ಲನೇ ಲೆವೆಲ್, ತುಂಬಿತ್ತು. ಪಿ2 ಮುಕ್ಕಾಲು. ಪಿ3ರಲ್ಲಿ ಏಳು, ಪಿ4ರಲ್ಲಿ ಐದು, ಪಿ5ರಲ್ಲಿ ಮೂರು ಕಾರು, ಕವರ್ ಹಾಕಿದ ಒಂದು ಬುಲೆಟ್, ಗಣಪತಿ ಮಂಟಪದ ಬಿದಿರು, ಯಾರೋ ಬಿಸಾಡಿದ ಹಾಸಿಗೆ, ಒಂದು ಚಕ್ರ ಇಲ್ಲದ ಮಕ್ಕಳ ಸೈಕಲ್. ಒಟ್ಟು ಕಾರು 59. ಇಡೀ ಐದು ಲೆವೆಲಲ್ಲೂ ಟ್ಯೂಬ್‌ಲೈಟ್ ರಾತ್ರಿಯಿಡೀ ಉರೀತದೆ, ಮೆಂಟೆನೆನ್ಸ್ ಬಿಲ್ಲಲ್ಲಿ ಅದೂ ಸೇರ್ತದೆ. ಯಾಕೆ ಕಾರಿಲ್ಲ ಅಂದ್ರೆ ಎಂತ ಹೇಳೋದು, ಕೆಳಗೆ ಮೆಟ್ರೋ ಉಂಟು ಮಾರ್ರೆ. ಮುಂಬೈಯಲ್ಲಿ ಮನೆ ತಗೊಳ್ಳುವವ ಸ್ಟ್ಯಾಂಪ್ ಡ್ಯೂಟಿ ಜೊತೆ 1% ಮೆಟ್ರೋ ಸೆಸ್ ಬೇರೆ ಕೊಡ್ತಾನೆ, ಕೊಟ್ಟ ಮೇಲೆ ಮೆಟ್ರೋದಲ್ಲೇ ಹೋಗ್ತಾನೆ, ಲಿಂಕ್ ರೋಡಲ್ಲಿ ಸಂಜೆ ಕಾರು ತೆಗೀಲಿಕ್ಕೆ ಅವ್ನಿಗೇನು ಹುಚ್ಚಾ.

ಇನ್ನು ಈ ಪೋಡಿಯಂ ಯಾರಿಗೆ ಬಡೀತು ಅಂತ ಕೇಳಿ. ಟವರ್ ಸಪೂರ ಇರ್ತದೆ, ನಾಲ್ಕೂ ಕಡೆ ಜಾಗ ಬಿಟ್ಟು ಮೇಲೆ ಹೋಗ್ತದೆ. ಪೋಡಿಯಂ ಹಾಗಲ್ಲ, ಪ್ಲಾಟಿನ ಅಂಚಿನ ತನಕ ಬಂದು ಕೂತಿದೆ. ದೊಡ್ಡಮ್ಮನ ಅಡುಗೆಮನೆ ಕಿಟಕಿ ತೆಗೆದ್ರೆ ಮೊದ್ಲು ಹಳೇ ಬಿಲ್ಡಿಂಗಿನ ಬಾಲ್ಕನಿ ಕಾಣ್ತಿತ್ತು, ಅಲ್ಲಿ ಒಬ್ರು ಗುಜರಾತಿ ಬೆನ್, ಇಬ್ರೂ ಕಿಟಕಿಯಿಂದ ಕಿಟಕಿಗೆ ಮಾತಾಡಿ ಮೂವತ್ತು ವರ್ಷ ಕಳೆದಿದ್ದಾರೆ, ಇವ್ರ ಹಿಂದಿ ಅವ್ರಿಗೆ ಅರ್ಧ, ಅವ್ರ ಹಿಂದಿ ಇವ್ರಿಗೆ ಅರ್ಧ. ಈಗ ತೆಗೆದ್ರೆ ಎದುರಿಗೆ ಬೂದಿ ಬಣ್ಣದ ಗೋಡೆ, ಅದ್ರಲ್ಲಿ ಕಬ್ಬಿಣದ ಪಟ್ಟಿ ಪಟ್ಟಿ ಜಾಲರಿ, ಅದ್ರ ಹಿಂದೆ ಪಿ3. ಹಗಲು ಹನ್ನೊಂದಕ್ಕೂ ಕತ್ತಲೆ ಅಂತ ಲೈಟ್ ಹಾಕಿ ತೆಂಗಿನಕಾಯಿ ತುರೀಬೇಕು, ರಾತ್ರಿ ಹನ್ನೊಂದಕ್ಕೆ ಇವ್ರು ಲೈಟ್ ಆರಿಸಿದ್ರೂ ಅಡುಗೆಮನೆ ಬೆಳ್ಳಗೆ, ಆ ಕಡೆಯ ಟ್ಯೂಬ್‌ಲೈಟ್. ಕಿಟಕಿಗೆ ಹಳೇ ಕ್ಯಾಲೆಂಡರ್ ಅಂಟಿಸಿದ್ದಾರೆ ಈಗ. ಮಸಾಲೆ ಹುರಿಯುವಾಗ ಮಾತ್ರ ಕಿತ್ತು ಕಿಟಕಿ ತೆಗೀತಾರೆ, ಆಮೇಲೆ ಮತ್ತೆ ಅಂಟಿಸ್ತಾರೆ, ಮೂಲೆಯ ಟೇಪ್ ಪದರ ಪದರ ದಪ್ಪ ಆಗಿಬಿಟ್ಟಿದೆ.

ಟೆರೇಸಿನ ಬಿಸಿಲಿನ ವಿಷಯ ಬೇರೆ, ಅದ್ರಲ್ಲಿ ಪೋಡಿಯಂ ತಪ್ಪಲ್ಲ, ಟವರಿನದ್ದೇ, ಅದನ್ನ ಒಪ್ಪಿಕೊಳ್ಬೇಕು. ನಮ್ಮ ಟವರ್ ಅವ್ರ ಪಶ್ಚಿಮಕ್ಕೆ. ಮೇ ತಿಂಗಳಲ್ಲಿ ದೊಡ್ಡಮ್ಮ ಟೆರೇಸಲ್ಲಿ ಸೀರೆ ಹಾಸಿ ಅಕ್ಕಿ ಸಂಡಿಗೆ ಇಡ್ತಾರೆ, ನನ್ನ ಹಾಲ್ ಕಿಟಕಿಯಿಂದ ಕಾಣ್ತದೆ. ಮಧ್ಯಾಹ್ನ ಒಂದೂವರೆ ಆಗ್ಲಿಲ್ಲ ನಮ್ಮ ನೆರಳು ಟೆರೇಸಿನ ಅಂಚಿಗೆ ಬಂದು ಸೀರೆ ಮೇಲೆ ಹತ್ತಿತು. ಹೋದ ವರ್ಷ ನಾನು ವರ್ಕ್ ಫ್ರಮ್ ಹೋಮ್ ಇದ್ದ ದಿನ ನೋಡ್ತಾ ಇದ್ದೆ, ದೊಡ್ಡಮ್ಮ ಸೀರೆಯ ನಾಲ್ಕು ಮೂಲೆ ಹಿಡಿದು ಪೂರ್ವಕ್ಕೆ ಎಳೆದ್ರು, ಅರ್ಧ ಗಂಟೆ ಬಿಟ್ಟು ಮತ್ತೆ ಎಳೆದ್ರು, ಆಮೇಲೆ ನೀರಿನ ಟಾಂಕಿ ಅಡ್ಡ ಬಂತು, ಸುಮ್ಮನೆ ಸುತ್ತಿ ಕೆಳಗೆ ಹೋದ್ರು. ಸಂಜೆ ಫೋನ್ ಮಾಡಿದ್ರೆ ಬೈಯ್ಲಿಲ್ಲ. "ನಾಳೆ ಬೆಳಿಗ್ಗೆ ಬೇಗ ಇಡ್ತೇನೆ, ಎರಡು ದಿನದ್ದು ನಾಲ್ಕು ದಿನ ಆಗ್ತದೆ ಅಷ್ಟೇ" ಅಂದ್ರು. ಬೈದಿದ್ರೆ ಒಳ್ಳೇದಿತ್ತು.

ನೀರು. ಇದ್ರಲ್ಲಿ ಪತ್ರದಲ್ಲಿ ಬರೆದದ್ದು ಅಕ್ಷರಕ್ಷರ ನಿಜ ಆಯ್ತು, ಆದ್ರೆ ಪೆಟ್ಟು ಬಿದ್ದದ್ದು ನಮ್ಗೆ, ಅವ್ರಿಗಲ್ಲ. ಒಬ್ರಿಗೆ ದಿನಕ್ಕೆ 135 ಲೀಟರ್ ಅನ್ನುವ ಲೆಕ್ಕದಲ್ಲಿ ಟವರಿಗೆ ನೀರು ಮಂಜೂರು ಅಂತ ಪೇಪರಲ್ಲಿ ಇರ್ಬೋದು, ನಮ್ಗೆ ಟ್ಯಾಂಕರ್ ಬಾರದ ವಾರ ಇಲ್ಲ. 2025ರ ಏಪ್ರಿಲಲ್ಲಿ ಮುಂಬೈ ಟ್ಯಾಂಕರಿನವ್ರು ಮುಷ್ಕರ ಮಾಡಿದ್ರಲ್ಲ, ಬೋರ್ವೆಲ್ ಬಾವಿಗೆಲ್ಲ ಕೇಂದ್ರದ ಪರ್ಮಿಷನ್ ಬೇಕು ಅಂತ ನೋಟೀಸ್ ಕೊಟ್ಟದ್ದಕ್ಕೆ, ಆ ನಾಲ್ಕೈದು ದಿನ ನಮ್ಮಲ್ಲಿ ಬೆಳಿಗ್ಗೆ ಇಪ್ಪತ್ತು ನಿಮಿಷ ಸಂಜೆ ಇಪ್ಪತ್ತು ನಿಮಿಷ. ಎರಡನೇ ದಿನ ನಾನು ಎರಡು ಬಕೆಟ್ ಹಿಡ್ಕೊಂಡು ದೊಡ್ಡಮ್ಮನ ಮನೆ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದು ನನ್ನ ನೋಡಿದ್ರು, ಬಕೆಟ್ ನೋಡಿದ್ರು. "ಎಂತ ಮಾರಾಯ, ನೀನು ಟೈಪ್ ಮಾಡಿದ್ದು ನಿಂಗೇ ಬಂತಲ್ಲ" ಅಂತ ನಗು ತಡೀಲಿಕ್ಕಾಗದೆ ಬಾಗಿಲಲ್ಲೇ ಕೂತ್ಬಿಟ್ರು. ದೊಡ್ಡಪ್ಪ ಒಳಗಿಂದ, "ಪಾಯಿಂಟ್ ನಂಬರ್ ಎರಡು!"

ಟ್ರಾಫಿಕ್ಕಿಗೆ ಹೇಳೋದಾದ್ರೆ, ಗಲ್ಲಿಯಲ್ಲಿ ಜಾಮ್ ಆಗೋದು ನಿಜ, ಆದ್ರೆ ಇಡೀ ದಿನ ಅಲ್ಲ, ಸಂಜೆ 7ರಿಂದ 8.30. ಕಾರಣ ಕಾರ್ ಲಿಫ್ಟ್. ಇದು ಈ ಬಿಲ್ಡಿಂಗಿನ ಅತೀ ದೊಡ್ಡ ಪೆದ್ದುತನ, ಜಾಗ ಉಳಿಸ್ಲಿಕ್ಕೆ ರ‍್ಯಾಂಪ್ ಬದ್ಲು ಒಂದೇ ಕಾರ್ ಲಿಫ್ಟ್ ಇಟ್ಟಿದ್ದಾರೆ, ಒಂದು ಕಾರು ಮೇಲೆ ಬಿಟ್ಟು ಕೆಳಗೆ ಬರ್ಲಿಕ್ಕೆ ಮೂರು ನಿಮಿಷ. ನಾಲ್ಕು ಕಾರು ಒಟ್ಟಿಗೆ ಬಂದ್ರೆ ಬಾಲ ರಸ್ತೆಗೆ. ಬೇಸತ್ತವ್ರು ಏನು ಮಾಡ್ತಾರೆ, ಗಲ್ಲಿಯಲ್ಲೇ ನಿಲ್ಲಿಸಿ ಮನೆಗೆ ಹೋಗ್ತಾರೆ. ಮೇಲೆ 69 ಜಾಗ ಖಾಲಿ, ಕೆಳಗೆ ದೊಡ್ಡಪ್ಪನ ಗೇಟಿನ ಮುಂದೆ ಹೋಂಡಾ ಸಿಟಿ. ಲಿಫ್ಟಿಗೆ ಬೀಪ್ ಬೀಪ್ ಜೊತೆ ಒಂದು ಹುಡುಗಿ ದನಿಯಲ್ಲಿ "ಪ್ಲೀಸ್ ಕ್ಲೋಸ್ ದ ಡೋರ್" ಅಂತ ಬೇರೆ ಉಂಟು, ದೊಡ್ಡಪ್ಪ ಈಗ ಆ ದನಿಗೆ "ಬಂದ್ಲು ನೋಡು" ಅಂತ ಹೇಳ್ತಾರೆ.

ಹೊರಗಿನ ಜನ ಅನ್ನುವ ಐದನೇ ಪಾಯಿಂಟ್ ಬಗ್ಗೆ ನಂಗೆ ನಾಚಿಕೆ ಉಂಟು, ಅದನ್ನ ಟೈಪ್ ಮಾಡುವಾಗ್ಲೇ ಕೈ ನಿಂತಿತ್ತು. ಭಾಡೋತ್ರಿಗಳು ಅಂದ್ರೆ ಬಾಡಿಗೆಯವ್ರು ಬರ್ತಾರೆ, ಬ್ಯಾಚುಲರ್ಸ್ ಬರ್ತಾರೆ, ವಾತಾವರಣ ಹಾಳಾಗ್ತದೆ ಅಂತ. ಫೋರ್ಟಿನಲ್ಲಿ ಹೋಟೆಲ್ ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿ ಅದ್ರ ಮೇಲೆ ಮಲಗ್ತಿದ್ದ ಮನುಷ್ಯ ಹೇಳ್ತಾ ಇದ್ದದ್ದು ಅದು. ನಾನು ಏನೂ ಹೇಳ್ಲಿಲ್ಲ, ಮೀನು ಊಟ ಆಗಿತ್ತು. ಆಮೇಲೆ ನಾನೇ ಮನೆ ಹುಡುಕ್ಲಿಕ್ಕೆ ಹೊರಟಾಗ ಈ ಏರಿಯಾದಲ್ಲಿ ಬ್ರೋಕರ್ ಕೇಳಿದ ಮೊದ್ಲನೇ ಪ್ರಶ್ನೆ ಬಜೆಟ್ ಅಲ್ಲ, "ವೆಜ್ ಆ ನಾನ್‌ವೆಜ್ ಆ". ಹಳೇ ಸೊಸೈಟಿ ಆರು ನೋಡಿದೆವು, ಐದು ಕಡೆ ಅಲ್ಲಿಗೇ ಮುಗೀತು. ಈ ಟವರಲ್ಲಿ ಯಾರೂ ಕೇಳ್ಲಿಲ್ಲ. ಲೀವ್ ಆಂಡ್ ಲೈಸೆನ್ಸ್ ಎಗ್ರಿಮೆಂಟ್ ಮನೆಯಲ್ಲೇ ಹೆಬ್ಬೆಟ್ಟು ಒತ್ತಿಸಿ ಆನ್‌ಲೈನ್ ರಿಜಿಸ್ಟರ್ ಆಯ್ತು, ಪೊಲೀಸ್ ಇಂಟಿಮೇಷನ್ ಆಯ್ತು, ಕೀ ಕೊಟ್ರು. ನಮ್ಮ ಫ್ಲೋರಲ್ಲಿ ಆರು ಮನೆ, ಒಂದ್ರಲ್ಲಿ ಮೂರು ನರ್ಸ್ ಹುಡುಗೀರು, ಕೇರಳದವ್ರು, ಬೆಳಿಗ್ಗೆ ಐದೂಮುಕ್ಕಾಲಿಗೆ ಮೆಟ್ರೋಗೆ ಓಡ್ತಾರೆ. ವಾತಾವರಣ ಹಾಳಾಗಿದ್ದು ನಂಗೆ ಕಾಣ್ಲಿಲ್ಲ, ಶುಕ್ರವಾರ ಅವ್ರ ಮನೆಯಿಂದ ಬರುವ ಮೀನಿನ ಪರಿಮಳ ಬಿಟ್ರೆ, ಅದು ನಮ್ಮ ಪಾಲಿಗೆ ಒಳ್ಳೇದೇ.

ಈಗಿನ ಸುದ್ದಿ. ದೊಡ್ಡಪ್ಪನ ಸೊಸೈಟಿಯೂ ರೀಡೆವಲಪ್‌ಮೆಂಟಿಗೆ ಹೊರಟಿದೆ. ಪಿಎಂಸಿ, ಅಂದ್ರೆ ಪ್ರಾಜೆಕ್ಟ್ ನೋಡಿಕೊಳ್ಳುವ ಕನ್ಸಲ್ಟೆಂಟ್, ನೇಮಿಸಿ ಫೀಸಿಬಿಲಿಟಿ ರಿಪೋರ್ಟ್ ಬಂತು, ಸಹಕಾರ ಸಂಘ ಕಾಯ್ದೆಯ 79ಎ ಪ್ರಕಾರ 51% ಮೆಂಬರ್ಸ್ ಹೂಂ ಅಂದ್ರೆ ಸಾಕು ಅಂತ 2019ರ ಸರ್ಕಾರಿ ಆದೇಶ ಉಂಟು, ಮೊಣಕಾಲು ನೋವಿನವ್ರೇ ಅಷ್ಟಿದ್ದಾರೆ ಅಲ್ಲಿ. ನಮ್ಮ ಟವರಿನ ವಾಟ್ಸಾಪ್ ಗ್ರೂಪಲ್ಲಿ ಆಗ್ಲೇ ಶುರು, ವ್ಯೂ ಹೋಗ್ತದೆ, ಧೂಳು, ಗಲ್ಲಿ ಸಾಲಲ್ಲ, ಯಾರೋ ಒಬ್ರು "ಅಟ್ ಲೀಸ್ಟ್ ಪಾರ್ಕಿಂಗ್ ಸರಿಯಾಗಿ ಕೊಡ್ಲಿಕ್ಕೆ ಹೇಳಿ" ಅಂತ ಹಾಕಿದ್ರು, ಹದಿನೆಂಟು ಥಂಬ್ಸ್ ಅಪ್. ನಾನು ಪಿ5ರ ಫೋಟೋ ಹಾಕಿದೆ, ಬಿದಿರು ಹಾಸಿಗೆ ಸೈಕಲ್ ಸಮೇತ. ಒಬ್ರು ಕೆಳಗೆ ಬರೆದ್ರು, "ಆ ಹಾಸಿಗೆ ಯಾರದ್ದು, ತೆಗೀರಿ ಪ್ಲೀಸ್." ದೊಡ್ಡಪ್ಪನಿಗೆ ಆ ಫೋಟೋ ಫಾರ್ವರ್ಡ್ ಮಾಡಿದೆ. ಅವ್ರ ಪಿಎಂಸಿ ಹತ್ರ ರ‍್ಯಾಂಪ್ ಇಟ್ಟು ಎರಡೇ ಲೆವೆಲ್ ಕೇಳ್ಲಿಕ್ಕೆ ಆಗ್ತದಾ ನೋಡ್ತೇನೆ ಅಂದಿದ್ದಾರೆ, ಆದ್ರೆ ಕಮಿಟಿಯಲ್ಲಿ ಇಬ್ರಿಗೆ ಈಗ ಕಾರಿಲ್ಲದಿದ್ರೂ ಎರಡೆರಡು ಪಾರ್ಕಿಂಗ್ ಬೇಕಂತೆ.

ಬರುವವ್ರಿಗೆ ನಾನು ಹೇಳೋದು: ಬಾಡಿಗೆಗೆ ಧೈರ್ಯವಾಗಿ ನೋಡಿ, ಐದಕ್ಕೆ ಮೂರೂವರೆ ಕೊಡ್ತೇನೆ, ಆ ಮೂರೂವರೆಯಲ್ಲಿ ಎರಡು ಮೆಟ್ರೋದ್ದು. ಓಸಿ, ಅಂದ್ರೆ ಜನ ವಾಸ ಮಾಡ್ಬೋದು ಅನ್ನುವ ಸರ್ಟಿಫಿಕೇಟ್, ಬಂದಿದೆಯಾ ಕೇಳಿ, ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಮಹಾರೇರಾದ ಸೈಟಲ್ಲಿ ಪ್ರಾಜೆಕ್ಟ್ ನಂಬರ್ ಹಾಕಿ ಪ್ಲ್ಯಾನ್ ನೋಡಿ. ಕಾರಿಲ್ಲದಿದ್ರೆ ಪಾರ್ಕಿಂಗ್ ಬೇಡ ಅಂತ ಹೇಳಿ ಬಾಡಿಗೆ ಚೌಕಾಸಿ ಮಾಡಿ, ನಾವು ಎರಡು ಸಾವಿರ ಇಳಿಸಿಕೊಂಡೆವು. 6 ಮತ್ತು 7ನೇ ಫ್ಲೋರ್ ಬೇಡ, ಪೋಡಿಯಂ ಗಾರ್ಡನ್ನಿನ ಮಕ್ಕಳ ಗಲಾಟೆ ನೇರ ಬೆಡ್‌ರೂಮಿಗೆ. ಬ್ರೋಕರ್ ಬೆಳಿಗ್ಗೆ ಹನ್ನೊಂದಕ್ಕೆ ತೋರಿಸ್ತಾನೆ, ಒಪ್ಬೇಡಿ, ಸಂಜೆ ಏಳೂವರೆಗೆ ಬರ್ತೇನೆ ಅನ್ನಿ, ಕಾರ್ ಲಿಫ್ಟಿನ ಹುಡುಗಿ ದನಿ ಎಷ್ಟು ಸಲ ಕೇಳ್ತದೆ ಅಂತ ಎಣಿಸಿ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತೆಗೆದು ನೋಡಿ.